ತೇಗಿನಲ್ಲಿ ಹೋದ ಮೇವು

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪೆನ್ನಾಗರದಲ್ಲಾಗಲಿ, ಸೇಲಂ ಜಿಲ್ಲೆಯ ಓಮಲೂರಿನಲ್ಲಾಗಲಿ, ಹಸು ಸಾಕುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಮೇವಿಗೆ. ಹಿಂಡಿ, ಬೂಸಾದ ಮೂಟೆಗೆ ಎಷ್ಟಾಯಿತು, ಹುಲ್ಲಿಗೆ ಎಷ್ಟಾಯಿತು, ಡೇರಿಗೆ ಎಷ್ಟು ಲೀಟರ್ ಹಾಕಿದ್ದಾಯಿತು, ಫ್ಯಾಟ್ ಎಷ್ಟು ಬಂತು, ಇವೆಲ್ಲ ಮನೆಯ ಹೆಂಗಸರಿಗೆ ಬಾಯಿಪಾಠ. ಒಂದು ಬಾಬ್ತು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹಸು ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಆರೇಳು ಪಾಲು ಹಾಲೂ ಆಗದೆ, ಮೈಯೂ ಹಿಡಿಯದೆ, ಸಗಣಿಯಾಗಿಯೂ ಬೀಳದೆ ಬಾಯಿಂದ ತೇಗಾಗಿ ಹೊರಟು ಹೋಗುತ್ತದೆ. ಆ ತೇಗಿನಲ್ಲಿರುವುದು ಮೀಥೇನ್.

ಭೂಮಿ ಬಿಸಿಯಾಗುತ್ತಿರುವ ವಿಷಯ ಬಂದಾಗೆಲ್ಲ ಹಸುವಿನ ಹೆಸರು ಕೇಳಿಬರುವುದು ಈ ಅನಿಲದಿಂದಲೇ. ಆ ಮಾತಿಗೆ ಬರೋಣ. ಆದರೆ ಎರಡೇ ಹಸು ಕಟ್ಟಿಕೊಂಡು ಬದುಕುವ ಮನೆಗೆ ಮೀಥೇನ್ ಎಂದರೆ ಮೊದಲು ಕಾಸು ಕೊಟ್ಟು ತಂದು ಕಳೆದುಕೊಂಡ ಮೇವು. ಅದನ್ನು ಹಾಗೆ ನೋಡಿದರೆ ಮಾತ್ರ ಈ ಸೀಮೆಯಲ್ಲಿ ಏನು ಮಾಡಬಹುದು ಎಂಬುದು ತಿಳಿಯುತ್ತದೆ ಎಂದು ನನ್ನ ನಂಬಿಕೆ.

ಹಸುವಿಗೆ ನಾಲ್ಕು ಹೊಟ್ಟೆ ಎನ್ನುತ್ತೇವೆ. ನಿಜಕ್ಕೂ ಅದು ಒಂದೇ ಹೊಟ್ಟೆಯ ನಾಲ್ಕು ಭಾಗ. ಮೊದಲನೆಯದಾದ ರೂಮೆನ್ ಎಲ್ಲಕ್ಕಿಂತ ದೊಡ್ಡದು. ಬೆಳೆದ ಸೀಮೆ ಹಸುವಿನಲ್ಲಿ ಅದು ನೂರು ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಒಳಗೆ ಸುಮಾರು 39 ಡಿಗ್ರಿ ಬಿಸಿ, ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಾಗಿ ಹುಲ್ಲು, ಜೋಳದ ಸಪ್ಪೆ, ಕಡಲೆಕಾಯಿ ಬಳ್ಳಿ ಎಲ್ಲವೂ ಮೊದಲು ಇಲ್ಲಿಗೇ ಬಂದು ಬೀಳುತ್ತವೆ. ಇವುಗಳ ನಾರಿನಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದಿಲ್ಲ, ನಮ್ಮ ದೇಹದಲ್ಲೂ ಅಷ್ಟೆ. ಆ ಕೆಲಸ ಮಾಡುವುದು ರೂಮೆನ್‌ನಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ, ಪ್ರೋಟೊಜೋವಾ ಮತ್ತು ಶಿಲೀಂಧ್ರಗಳು. ಅವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಹಸು ಬದುಕುವುದು ಈ ಆಮ್ಲಗಳನ್ನು ಹೀರಿಕೊಂಡು. ಹಾಲಿನ ಕೊಬ್ಬಿಗೆ ಅಸಿಟೇಟ್ ಬೇಕು. ಹಾಲಿನ ಸಕ್ಕರೆಗೆ ಬೇಕಾದ ಗ್ಲೂಕೋಸ್ ಹೆಚ್ಚಾಗಿ ಪ್ರೊಪಿಯೊನೇಟ್‌ನಿಂದ ಬರುತ್ತದೆ.

ಅಸಿಟೇಟ್ ತಯಾರಾಗುವಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದು ಅಲ್ಲೇ ತುಂಬಿಕೊಂಡರೆ ಹುದುಗುವಿಕೆಯೇ ನಿಂತುಹೋದೀತು. ಅದನ್ನು ಖಾಲಿ ಮಾಡುವುದಕ್ಕೆ ಇನ್ನೊಂದು ಬಗೆಯ ಜೀವಿಗಳಿವೆ. ನಾಲ್ಕು ಹೈಡ್ರೋಜನ್ ಅಣು, ಒಂದು ಇಂಗಾಲದ ಡೈಆಕ್ಸೈಡ್ ಅಣು ಸೇರಿಸಿ ಅವು ಒಂದು ಮೀಥೇನ್ ಅಣು, ಎರಡು ನೀರಿನ ಅಣು ಮಾಡುತ್ತವೆ. ಬಹುಕಾಲ ಇವನ್ನೂ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವು ಬ್ಯಾಕ್ಟೀರಿಯಾ ಅಲ್ಲ, ಜೀವಕುಲದ ಬೇರೆಯೇ ಕವಲು ಎಂದು ತೋರಿಸಿದರು. ಈಗ ಆ ಕವಲನ್ನು ಆರ್ಕಿಯಾ ಎನ್ನುತ್ತೇವೆ. ಮೀಥೇನ್ ಅನಿಲವನ್ನಂತೂ ಅದಕ್ಕೂ ಇನ್ನೂರು ವರ್ಷ ಮೊದಲೇ, 1776ರಲ್ಲಿ, ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಮಜ್ಜೋರೆ ಸರೋವರದ ಜೌಗಿನಿಂದ ಹಿಡಿದು ಪರೀಕ್ಷಿಸಿದ್ದ. ಜೌಗಿನ ಕೆಸರಿನಲ್ಲೂ ಹಸುವಿನ ಹೊಟ್ಟೆಯಲ್ಲೂ ನಡೆಯುವುದು ಒಂದೇ ಬಗೆಯ ಕೆಲಸ.

ಹಾಗಾಗಿ ಆರ್ಕಿಯಾಗಳು ಹಸುವಿಗೆ ಅಂಟಿದ ರೋಗವಲ್ಲ. ಹುಲ್ಲು ಜೀರ್ಣವಾಗಲು ಅವು ಬೇಕು. ಆದರೆ ಪ್ರೊಪಿಯೊನೇಟ್ ತಯಾರಾಗುವಾಗ ಹೈಡ್ರೋಜನ್ ಬಿಡುಗಡೆಯಾಗುವ ಬದಲು ಬಳಕೆಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಬರೀ ಒಣಹುಲ್ಲು ತಿಂದ ಹಸುವಿನಲ್ಲಿ ಅಸಿಟೇಟ್ ಹೆಚ್ಚು, ಮೀಥೇನ್ ಹೆಚ್ಚು. ಪಿಷ್ಟವೋ ಎಳೆ ಹಸಿಮೇವೋ ಸೇರಿದರೆ ಪ್ರೊಪಿಯೊನೇಟ್ ಏರುತ್ತದೆ, ತಿಂದ ಪ್ರತಿ ಕಿಲೋ ಮೇವಿಗೆ ಮೀಥೇನ್ ಇಳಿಯುತ್ತದೆ. ಕೊಟ್ಟಿಗೆಯಲ್ಲಿ ಮನುಷ್ಯನ ಕೈಗೆ ಸಿಗುವ ಹಿಡಿಕೆ ಇದೇ.

ಈಗ ಸ್ವಲ್ಪ ಲೆಕ್ಕ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಹೇಳುವಂತೆ ನಮ್ಮ ದೇಶದ ಹಾಲು ಕೊಡುವ ಹಸು ಅಥವಾ ಎಮ್ಮೆ ದಿನಕ್ಕೆ ಸರಾಸರಿ 200 ಲೀಟರ್ ಆಸುಪಾಸು ಮೀಥೇನ್ ತೇಗುತ್ತದೆ. ಚೆನ್ನಾಗಿ ತಿನ್ನುವ ಸೀಮೆ ಹಸುವಿನದು ಇನ್ನೂ ಹೆಚ್ಚು. ಐಪಿಸಿಸಿ ಎಂಬ ಅಂತರರಾಷ್ಟ್ರೀಯ ಹವಾಮಾನ ಸಮಿತಿಯ ವಿಧಾನದಲ್ಲಿ ಗುಣಿಸಿದರೆ, ನೀರಿನಂಶ ಕಳೆದು 10 ಕಿಲೋ ಒಣತೂಕದ ಮೇವು ತಿಂದ ಹಸುವಿನಿಂದ ದಿನಕ್ಕೆ ಸುಮಾರು 215 ಗ್ರಾಂ ಮೀಥೇನ್ ಹೊರಬೀಳುತ್ತದೆ. ಅದರ ಶಕ್ತಿ 12 ಮೆಗಾಜೂಲ್. ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಇರುವಷ್ಟು ಶಕ್ತಿ ಅದೇ ಮನೆಯ ಕೊಟ್ಟಿಗೆಯ ಒಂದು ಹಸುವಿನ 55 ದಿನಗಳ ತೇಗಿನಲ್ಲಿ ಹೋಗಿರುತ್ತದೆ. ಅದನ್ನು ಹಿಡಿದು ಒಲೆಗೆ ತರುವ ದಾರಿಯಿಲ್ಲ. ಹಸು ಉಸಿರಾಡಿದಂತೆ, ಮೆಲುಕು ಹಾಕಿದಂತೆ ಅದು ಚದುರಿ ಹೋಗುತ್ತಲೇ ಇರುತ್ತದೆ.

ಇದನ್ನೇ ಹಾಲಿಗೆ ಹಂಚಿ ನೋಡಿ. ಆ ಹಸು ದಿನಕ್ಕೆ 5 ಲೀಟರ್ ಕೊಟ್ಟರೆ ಲೀಟರಿಗೆ 43 ಗ್ರಾಂ. ಇನ್ನೊಂದೂವರೆ ಕಿಲೋ ಒಳ್ಳೆಯ ಮೇವು ಹಾಕಿ 10 ಲೀಟರ್ ಕರೆಯುವಂತಾದರೆ ಒಟ್ಟು ಮೀಥೇನ್ ಸ್ವಲ್ಪ ಏರಿದರೂ ಲೀಟರಿಗೆ 25 ಗ್ರಾಂಗೆ ಇಳಿಯುತ್ತದೆ. ಹಾಲು ಬತ್ತಿ ನಿಂತ ಹಸು ದಿನಕ್ಕೆ 7 ಕಿಲೋ ತಿಂದು 150 ಗ್ರಾಂ ಬಿಡುತ್ತದೆ, ಹಾಲು ಸೊನ್ನೆ. 2006ರ ಐಪಿಸಿಸಿ ಕೈಪಿಡಿ ಭಾರತ ಉಪಖಂಡದ ಹಾಲಿನ ಹಸುವಿಗೆ ವರ್ಷಕ್ಕೆ 58 ಕಿಲೋ ಮೀಥೇನ್, 900 ಕಿಲೋ ಹಾಲು ಎಂದು ಹಿಡಿದಿತ್ತು. ಉತ್ತರ ಅಮೆರಿಕದ ಹಸುವಿಗೆ 128 ಕಿಲೋ ಮೀಥೇನ್, 8,400 ಕಿಲೋ ಹಾಲು. ಭಾಗಿಸಿದರೆ ನಮ್ಮದು ಕಿಲೋ ಹಾಲಿಗೆ 64 ಗ್ರಾಂ, ಅವರದು 15. ನಮ್ಮ ಹಸು ಕಡಿಮೆ ತೇಗುತ್ತದೆ, ಆದರೆ ಆ ತೇಗಿಗೆ ತಕ್ಕ ಹಾಲು ನಮಗೆ ಸಿಗುತ್ತಿಲ್ಲ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವವರು ಬಹಳ ಮಂದಿ. ನಾನು ಅದನ್ನು ಒಪ್ಪುವುದಿಲ್ಲ. ಅಮೆರಿಕದ ಆ ಹಸುವಿಗೆ ಹಾಕುವುದು ಮೆಕ್ಕೆಜೋಳ, ಸೋಯಾ. ಅವಕ್ಕಾಗಿ ಬೇರೆಯೇ ಹೊಲ, ಗೊಬ್ಬರ, ಟ್ರಾಕ್ಟರು ಬೇಕು. ಧರ್ಮಪುರಿಯ ಹಸು ತಿನ್ನುವ ಮೇವಿನಲ್ಲಿ ದೊಡ್ಡ ಪಾಲು ಜನ ರಾಗಿಯನ್ನೋ ಜೋಳವನ್ನೋ ಕಡಲೆಕಾಯಿಯನ್ನೋ ತೆಗೆದುಕೊಂಡ ಮೇಲೆ ಉಳಿದದ್ದು. ಅದು ಸಗಣಿಯನ್ನೂ ಕೊಡುತ್ತದೆ, ಹೊಲಕ್ಕೆ ಗೊಬ್ಬರವೂ ಅದೇ. ಮಳೆ ಕೈಕೊಟ್ಟ ವರ್ಷ ಮಾರಿ ಮನೆ ನಡೆಸಲು ಉಳಿದಿರುವ ಆಸ್ತಿಯೂ ಅದೇ. ಇದನ್ನೆಲ್ಲ ಬಿಟ್ಟು ಹಾಲಿನ ಮೇಲಷ್ಟೇ ಮೀಥೇನ್ ಹೊರಿಸಿದರೆ ಲೆಕ್ಕ ತಪ್ಪುತ್ತದೆ.

ವಾತಾವರಣದ ಮಾತಿಗೆ ಬರೋಣ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ. ಆದರೆ ಇದ್ದಷ್ಟು ದಿನ ಬಲವಾಗಿ ಶಾಖ ಹಿಡಿಯುತ್ತದೆ: ನೂರು ವರ್ಷದ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 720 ಇದ್ದ ಮೀಥೇನ್ ಈಗ 1,900 ದಾಟಿದೆ. ಈವರೆಗಿನ ಬಿಸಿಯೇರಿಕೆಯಲ್ಲಿ ಅರ್ಧ ಡಿಗ್ರಿಯಷ್ಟಕ್ಕೆ ಮೀಥೇನ್ ಕಾರಣ ಎಂದು 2021ರ ಐಪಿಸಿಸಿ ವರದಿ ಹೇಳುತ್ತದೆ. ಆ ಮೀಥೇನ್‌ನಲ್ಲಿ ಕಲ್ಲಿದ್ದಲು ಗಣಿ, ತೈಲಬಾವಿ, ಕಸದ ಗುಡ್ಡ, ಭತ್ತದ ಗದ್ದೆಗಳ ಪಾಲೂ ಇದೆ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಹಸುವಿನ ಮೀಥೇನ್‌ನಲ್ಲಿರುವ ಇಂಗಾಲ ಹೋದ ವರ್ಷವೋ ಅದರ ಹಿಂದಿನ ವರ್ಷವೋ ಹುಲ್ಲು ಗಾಳಿಯಿಂದ ಹೀರಿಕೊಂಡದ್ದು. ದನಗಳ ಸಂಖ್ಯೆಯೂ ಮೇವೂ ಬಹುಕಾಲ ಒಂದೇ ಮಟ್ಟದಲ್ಲಿದ್ದರೆ ಹೊಸದಾಗಿ ಸೇರುವ ಮೀಥೇನ್‌ಗೂ ಕರಗಿಹೋಗುವ ಮೀಥೇನ್‌ಗೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಶಾಖ ಇದ್ದಲ್ಲೇ ಇರುತ್ತದೆ, ಹೆಚ್ಚು ಏರುವುದಿಲ್ಲ. ಆಕ್ಸ್‌ಫರ್ಡಿನ ಮೈಲ್ಸ್ ಅಲೆನ್ ಮತ್ತು ಸಂಗಡಿಗರು ಇದನ್ನು ಲೆಕ್ಕಕ್ಕೆ ತರುವ ಹೊಸ ಮಾಪನವನ್ನೇ ಮುಂದಿಟ್ಟಿದ್ದಾರೆ. ಇದನ್ನು ಹಿಡಿದುಕೊಂಡು ಹಸುವಿನಿಂದ ತೊಂದರೆಯೇ ಇಲ್ಲ ಎನ್ನುವವರಿದ್ದಾರೆ. ತಮಿಳುನಾಡಿನ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. 2012ರ ಜಾನುವಾರು ಗಣತಿಯಲ್ಲಿ 88 ಲಕ್ಷ ಇದ್ದ ಅಲ್ಲಿನ ದನಗಳು 2019ರ ಹೊತ್ತಿಗೆ 95 ಲಕ್ಷವಾದವು. ಸಂಖ್ಯೆ ಏರಿದ್ದಲ್ಲದೆ ನಾಟಿ ದನ ಕಡಿಮೆಯಾಗಿ ಹೆಚ್ಚು ತಿನ್ನುವ ಮಿಶ್ರತಳಿ ಹೆಚ್ಚಿತು. ಅಲ್ಲದೆ, ಇರುವ ಶಾಖದಲ್ಲಿ ಸ್ವಲ್ಪವಾದರೂ ಬೇಗ ಇಳಿಸಬೇಕೆಂದರೆ ಅಲ್ಪಾಯುಷಿಯಾದ ಮೀಥೇನ್‌ನ ಮೇಲೇ ಕೈಯಿಡಬೇಕು.

ಭಾರತದ ಕೃಷಿಯಿಂದ ಬರುವ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯದು. 2021ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ, 2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟದಿಂದ ಶೇಕಡ 30 ಇಳಿಸುವ ಒಪ್ಪಂದವಾದಾಗ ಭಾರತ ಸಹಿ ಹಾಕಲಿಲ್ಲ. ಸಣ್ಣ ರೈತರ ಹೊಟ್ಟೆಪಾಡಿನ ಪ್ರಶ್ನೆ ಎಂದಿತು. ಆ ನಿಲುವು ನನಗೆ ಅರ್ಥವಾಗುತ್ತದೆ. ಆದರೆ ಸಹಿ ಹಾಕದಿರುವುದು ಬೇರೆ, ಮೇವು ಗಾಳಿಗೆ ಹೋಗುತ್ತಿರುವುದನ್ನು ನೋಡುತ್ತಾ ಕೂರುವುದು ಬೇರೆ.

ಏನು ಮಾಡಬಹುದು ಎನ್ನುವ ಮೊದಲು ಇಲ್ಲಿನ ದನಗಳನ್ನು ತಿಳಿಯಬೇಕು. ಧರ್ಮಪುರಿ, ಸೇಲಂ ಸೀಮೆಯ ದನಗಳ ಚರಿತ್ರೆ ದೊಡ್ಡದು. ಹೊಗೆನಕಲ್ ಬಳಿಯ ಕಾವೇರಿ ದಂಡೆಯ ಆಲಂಬಾಡಿ ಊರಿನ ಹೆಸರು ಹೊತ್ತ ತಳಿ ನಮ್ಮ ಹಳ್ಳಿಕಾರ್‌ನ ನಂಟ. ಹಿಂದಕ್ಕೆ ಬಾಗಿದ ಕೊಂಬು, ಬೂದುಗಪ್ಪು ಮೈ, ಉಳುವುದಕ್ಕೂ ಗಾಡಿಗೂ ಗಟ್ಟಿ. ಹಾಲು ಕರುವಿಗೆ ಸಾಕಾಗುವಷ್ಟು, ಅಷ್ಟೆ. ಪಕ್ಕದ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಕಾಡಿನೊಳಗೆ ದೊಡ್ಡಿ ಹಾಕಿ ಸಾಕಿಕೊಂಡು ಬಂದ ಬರಗೂರು ತಳಿಯೂ ಇದೇ ಬಳಗದ್ದು. ಕಂಪನಿ ಸರ್ಕಾರದ ಕಾಲದಲ್ಲಿ, 1824ರಲ್ಲಿ ಶುರುವಾದ ಹೊಸೂರಿನ ಮತ್ತಿಗಿರಿಯ ಜಾನುವಾರು ಕ್ಷೇತ್ರ 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು, ಜಿಲ್ಲೆಗಳು ಒಡೆದಂತೆ ಆಮೇಲೆ ಧರ್ಮಪುರಿಯಲ್ಲಿ, 2004ರಿಂದ ಕೃಷ್ಣಗಿರಿಯಲ್ಲಿ. ಅಲ್ಲಿ ಕೆಲಸ ಮಾಡಿದ ಆರ್. ಡಬ್ಲ್ಯು. ಲಿಟಲ್‌ವುಡ್ 1936ರಲ್ಲಿ ದಕ್ಷಿಣ ಭಾರತದ ಜಾನುವಾರುಗಳ ಬಗ್ಗೆ ಬರೆದ ಪುಸ್ತಕ ಇಂದಿಗೂ ತಳಿ ತಜ್ಞರಿಗೆ ಆಧಾರ. ಟ್ರಾಕ್ಟರು ಬಂದ ಮೇಲೆ ಎತ್ತಿಗೆ ಕೆಲಸ ತಪ್ಪಿತು. ಎತ್ತಿನ ತೇಗು ನಿಂತು ಡೀಸೆಲ್ಲಿನ ಹೊಗೆ ಶುರುವಾಯಿತು ಎಂಬುದನ್ನೂ ಹವಾಮಾನದ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಎತ್ತಿನ ಜಾಗಕ್ಕೆ ಜರ್ಸಿ, ಎಚ್‌ಎಫ್ ಮಿಶ್ರತಳಿ ಬಂತು. ಸಹಕಾರಿ ಹಾಲು ಸಂಸ್ಥೆಯಾದ ಆವಿನ್‌ನ ಸೇಲಂ ಒಕ್ಕೂಟ ತಮಿಳುನಾಡಿನ ದೊಡ್ಡ ಹಾಲು ಒಕ್ಕೂಟಗಳಲ್ಲಿ ಒಂದಾಗಿ ಬೆಳೆದದ್ದು ಈ ಹಸುಗಳಿಂದಲೇ. ಆದರೆ ಇವುಗಳ ಅರ್ಧ ರಕ್ತ ಯುರೋಪಿನ ತಂಪು ನಾಡಿನದು. ಸೇಲಂನ ಏಪ್ರಿಲ್ ಬಿಸಿಲು 40 ಡಿಗ್ರಿಯ ಹತ್ತಿರ ಹೋದಾಗ ಅವು ಬಾಯಿ ತೆರೆದು ಏದುಸಿರು ಬಿಡುತ್ತವೆ, ಮೇವು ಬಿಡುತ್ತವೆ, ಹಾಲು ಇಳಿಯುತ್ತದೆ. 2016ರ ಹಿಂಗಾರು ಮಳೆ ವಾಡಿಕೆಗಿಂತ ಶೇಕಡ 60ಕ್ಕೂ ಹೆಚ್ಚು ಕಡಿಮೆಯಾಗಿ, ಮರುವರ್ಷದ ಜನವರಿಯಲ್ಲಿ ತಮಿಳುನಾಡಿನ ಎಲ್ಲ ಜಿಲ್ಲೆಗಳೂ ಬರಪೀಡಿತ ಎಂದು ಘೋಷಣೆಯಾದಾಗ ಸರ್ಕಾರ ಮೇವಿನ ಡಿಪೋ ತೆರೆದು ಭತ್ತದ ಹುಲ್ಲು ಹಂಚಬೇಕಾಯಿತು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಹಾಲು ಕೊಡಿಸುವುದಿಲ್ಲ. ಬರಗಾಲದ ಹಸುವಿನ ಪ್ರತಿ ಲೀಟರ್ ಹಾಲಿನ ಹಿಂದೆ ಇರುವ ಮೀಥೇನ್ ಎಲ್ಲಕ್ಕಿಂತ ಹೆಚ್ಚು.

ಪರಿಹಾರ ಎಂದೊಡನೆ ಈಗ ಎರಡು ಹೆಸರು ಬರುತ್ತವೆ. ಆಸ್ಪರಗಾಪ್ಸಿಸ್ ಎಂಬ ಕೆಂಪು ಕಡಲಪಾಚಿ ಒಂದು. ಪ್ರಯೋಗಗಳಲ್ಲಿ ಅದು ಮೀಥೇನನ್ನು ಶೇಕಡ 80ರವರೆಗೂ ಇಳಿಸಿದ್ದುಂಟು. ಇನ್ನೊಂದು ಯುರೋಪ್ ಒಕ್ಕೂಟ 2022ರಲ್ಲಿ ಒಪ್ಪಿಗೆ ಕೊಟ್ಟ ಬೋವೇರ್ ಎಂಬ ಪುಡಿ. ಆರ್ಕಿಯಾಗಳು ಮೀಥೇನ್ ಮಾಡುವ ಕೊನೆಯ ಹಂತದ ಕಿಣ್ವವನ್ನೇ ತಡೆದು ಸುಮಾರು ಶೇಕಡ 30 ಇಳಿಸುತ್ತದೆ. ಎರಡೂ ಪ್ರತಿದಿನ ಅಳತೆ ಮಾಡಿ ಮೇವಿಗೆ ಬೆರೆಸುವ ದೊಡ್ಡ ಫಾರ್ಮುಗಳಿಗೆ ಒಗ್ಗುವಂಥವು. ಪಾಲಕ್ಕೋಡಿನ ಎರಡು ಹಸುವಿನ ಕೊಟ್ಟಿಗೆಗೆ ಅವು ಬರುವುದು ಯಾವಾಗಲೋ.

ಆದರೆ ಹುಣಸೆಮರ ಈಗಾಗಲೇ ಅಲ್ಲಿದೆ. ಧರ್ಮಪುರಿ, ಕೃಷ್ಣಗಿರಿ ಹುಣಸೆಯ ಸೀಮೆ. ಡೆಂಕಣಿಕೋಟೆ ಕಡೆಯ ಉರಿಗಂ ಹುಣಸೆ ಉದ್ದ ಕಾಯಿಗೆ ಹೆಸರಾದದ್ದು. ಬೇಸಿಗೆಯಲ್ಲಿ ಹಣ್ಣು ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆಯುವ ಕೂಲಿ ಎಷ್ಟೋ ಮನೆಗಳ ಹೆಂಗಸರಿಗೆ ಆದಾಯ. ಬೀಜದ ಬಿಳಿ ತಿರುಳು ಪುಡಿಯಾಗಿ ಬಟ್ಟೆಯ ಗಂಜಿಗೆ ಹೋಗುತ್ತದೆ. ಅದರ ಮೇಲಿನ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ತುಂಬಿದೆ, ನಾಲಿಗೆಗೆ ಒಗರು ಕೊಡುವ ವಸ್ತು ಅದು. ಆಡುಗೋಡಿಯ ವಿಜ್ಞಾನಿಗಳು ವರ್ಷಗಟ್ಟಲೆ ಬೇರೆಬೇರೆ ಸೊಪ್ಪು, ಸಿಪ್ಪೆ, ತೊಗಟೆಗಳನ್ನು ಪರೀಕ್ಷಿಸುತ್ತಾ ಈ ಸಿಪ್ಪೆಯನ್ನು ಆರಿಸಿಕೊಂಡರು, ‘ಟ್ಯಾಮರಿನ್ ಪ್ಲಸ್’ ಎಂಬ ಪೂರಕವನ್ನು ರೂಪಿಸಿದರು. ಮುಂದೆ ಟ್ಯಾನಿನ್ ಇರುವ ಸಸ್ಯಮೂಲಗಳಿಂದ ‘ಹರಿತ್ ಧಾರಾ’ ಬಂತು. ಅದರಿಂದ ಮೀಥೇನ್ ಶೇಕಡ 17ರಿಂದ 20ರಷ್ಟು ಇಳಿಯುತ್ತದೆ, ಬೆಲೆ ಕಿಲೋಗೆ ಸುಮಾರು 6 ರೂಪಾಯಿ ಎಂದು 2021ರಲ್ಲಿ ತಿಳಿಸಿದರು. ಟ್ಯಾನಿನ್ ಪ್ರೋಟೊಜೋವಾಗಳನ್ನು ತಗ್ಗಿಸುತ್ತದೆ. ಅವುಗಳ ಮೈಗಂಟಿ ಬದುಕುವ ಆರ್ಕಿಯಾಗಳೂ ಜೊತೆಗೇ ತಗ್ಗುತ್ತವೆ. ಮೇವಿನ ಪ್ರೋಟೀನು ರೂಮೆನ್‌ನಲ್ಲೇ ಕರಗಿಹೋಗದೆ ಮುಂದಿನ ಕರುಳಿಗೆ ದಾಟುತ್ತದೆ, ಹಾಲಿಗೆ ಒದಗುತ್ತದೆ. ಅಳತೆ ಮೀರಿದರೆ ಮಾತ್ರ ನಾರೂ ಜೀರ್ಣವಾಗದೆ ಹಸು ಮೇವು ಬಿಡುತ್ತದೆ. ಅದಕ್ಕೇ ಸಿಪ್ಪೆಯನ್ನು ಹಾಗೆಯೇ ಹಸುವಿನ ಮುಂದೆ ಸುರಿಯಬಾರದು.

ಹುಣಸೆಯಂತೆ ಈ ಸೀಮೆಯಲ್ಲೇ ಸಿಗುವ ಎರಡನೆಯದು ಮರಗೆಣಸು. ಎರಡನೇ ಮಹಾಯುದ್ಧದಲ್ಲಿ ಮಲಯದಿಂದ ಸಬ್ಬಕ್ಕಿ (ಸಾಗೋ) ಬರುವುದು ನಿಂತಾಗ ಸೇಲಂನಲ್ಲಿ ಶುರುವಾದ, ಮರಗೆಣಸಿನಿಂದ ಅದನ್ನು ಮಾಡುವ ಕಸುಬು ಇಂದು ಜಿಲ್ಲೆಯ ಗುರುತು. 1981ರಿಂದ ‘ಸಾಗೋ ಸರ್ವ್’ ಸಹಕಾರ ಸಂಘ ಅದರ ಮಾರಾಟ ನೋಡಿಕೊಳ್ಳುತ್ತಿದೆ. ಗೆಣಸು ಅರೆದು ಪಿಷ್ಟ ತೆಗೆದ ಮೇಲೆ ಉಳಿಯುವ ಚರಟಕ್ಕೆ ಅಲ್ಲಿ ತಿಪ್ಪಿ ಎನ್ನುತ್ತಾರೆ. ಒಣಗಿಸಿ ದನಕ್ಕೆ ಹಾಕುವುದು ರೂಢಿ. ಅದರಲ್ಲಿ ಇನ್ನೂ ಪಿಷ್ಟ ಉಳಿದಿರುತ್ತದೆ, ಪ್ರೊಪಿಯೊನೇಟ್ ಕಡೆಗೆ ಹುದುಗುವಿಕೆಯನ್ನು ವಾಲಿಸಲು ಒಳ್ಳೆಯದು. ಪ್ರೋಟೀನು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬರೀ ತಿಪ್ಪಿ, ಒಣಹುಲ್ಲು ಹಾಕಿದರೆ ಸಾಲದು. ಅಗಸೆ ಸೊಪ್ಪೋ ಹಿಂಡಿಯೋ ಜೊತೆಗಿರಬೇಕು. ಮರಗೆಣಸಿನ ಎಲೆಯಲ್ಲಿ ಪ್ರೋಟೀನೂ ಇದೆ, ಟ್ಯಾನಿನ್ನೂ ಇದೆ; ಗೆಣಸು ಕಿತ್ತ ಮೇಲೆ ಬಹುಪಾಲು ಹೊಲದಲ್ಲೇ ಒಣಗುತ್ತದೆ. ಹಸಿ ಎಲೆ ಅಪಾಯ. ಅದರಲ್ಲಿ ಸಯನೈಡ್ ಬಿಡುವ ವಸ್ತುವಿದೆ, ಮೇಕೆ, ದನ ತಿಂದು ಸತ್ತದ್ದುಂಟು. ಕತ್ತರಿಸಿ ಚೆನ್ನಾಗಿ ಒಣಗಿಸಿದರೆ ಆ ವಿಷ ಬಹಳಷ್ಟು ಇಳಿಯುತ್ತದೆ. ಇದನ್ನು ಕಲಿಸಿ ಬಳಕೆಗೆ ತರುವುದು ಸೇಲಂನ ತಲೈವಾಸಲ್ ಬಳಿ 2021ರಲ್ಲಿ ತೆರೆದ ಪಶು ವಿಜ್ಞಾನ ಸಂಸ್ಥೆಗೆ ಹೇಳಿಮಾಡಿಸಿದ ಕೆಲಸ.

ಸಾಗೋ ಫ್ಯಾಕ್ಟರಿಯ ಕೊಳೆನೀರಿನದೂ ಇದೇ ರಸಾಯನ. ಪಿಷ್ಟ ತುಂಬಿದ ಆ ನೀರನ್ನು ಬಯಲು ಹೊಂಡದಲ್ಲಿ ನಿಲ್ಲಿಸಿದರೆ ಹುಳಿತು ನಾರುತ್ತಾ ಮೀಥೇನ್ ಬಿಡುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸಿ ಆ ಅನಿಲದಿಂದಲೇ ವಿದ್ಯುತ್ತು ತೆಗೆಯುವ ಫ್ಯಾಕ್ಟರಿಗಳು ಸೇಲಂ ಜಿಲ್ಲೆಯಲ್ಲಿವೆ. ಹಸುವಿನ ತೇಗನ್ನು ಹಾಗೆ ಹಿಡಿಯಲಾಗದು, ಫ್ಯಾಕ್ಟರಿಯದನ್ನು ಹಿಡಿಯಬಹುದು. ಹಿಡಿಯದ ಫ್ಯಾಕ್ಟರಿಗೆ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ಮೇವಿಗಿಂತಲೂ ದೊಡ್ಡ ಉಳಿತಾಯ ಇನ್ನೊಂದು ಕಡೆ ಇದೆ. ಹಿಂದಿನ ಲೆಕ್ಕದಲ್ಲಿ 10 ಕಿಲೋ ಮೇವು ತಿಂದ ಹಸು ವರ್ಷಕ್ಕೆ ಸುಮಾರು 79 ಕಿಲೋ ಮೀಥೇನ್ ಬಿಡುತ್ತದೆ. ಹರಿತ್ ಧಾರಾದಂಥ ಪೂರಕದಿಂದ ಅದರಲ್ಲಿ 14 ಕಿಲೋ ಉಳಿಸಬಹುದು. ಇಂಗಾಲದ ಮಾರುಕಟ್ಟೆಯಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಉಳಿತಾಯಕ್ಕೆ 1,000 ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೂ ಅದಕ್ಕೆ ವರ್ಷಕ್ಕೆ 400 ರೂಪಾಯಿ ಹುಟ್ಟುವುದಿಲ್ಲ. ಅದೇ ಹಸು ಹದಿಮೂರು ತಿಂಗಳಿಗೆ ಕರು ಹಾಕುವ ಬದಲು ಗಬ್ಬ ನಿಲ್ಲದೆ ಇನ್ನೂ ಐದು ತಿಂಗಳು ಬತ್ತಿ ನಿಂತರೆ, ದಿನಕ್ಕೆ 150 ಗ್ರಾಂನಂತೆ 22 ಕಿಲೋಗೂ ಹೆಚ್ಚು ಮೀಥೇನ್ ಒಂದು ಹನಿ ಹಾಲಿಲ್ಲದೆ ಗಾಳಿಗೆ ಹೋಗುತ್ತದೆ. ಜೊತೆಗೆ ಒಂದು ಸಾವಿರ ಕಿಲೋಗೂ ಮೀರಿದ ಮೇವು.

ಹಸು ಹೀಗೆ ನಿಲ್ಲುವುದಕ್ಕೆ ಕಾರಣ ಖನಿಜಾಂಶದ ಕೊರತೆ, ಸೋತ ಮೈ, ಮತ್ತೆ ಬಿಸಿಲು. ಶಾಖ ಏರಿದಾಗ ಮಿಶ್ರತಳಿ ಹಸುವಿನ ಬೆದೆ ಮಂಕಾಗುತ್ತದೆ. ಹಗಲಿನಲ್ಲಿ ಗುರುತೇ ಸಿಗದೆ ರಾತ್ರಿಯಲ್ಲೋ ನಸುಕಿನಲ್ಲೋ ಕೆಲವೇ ಗಂಟೆ ಕಾಣಿಸಿ ಹೋಗುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬುದು ಪಶುವೈದ್ಯರ ನಿಯಮ. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಪಶುವೈದ್ಯ ವಾಹನ ತಮಿಳುನಾಡಿನಲ್ಲಿ ಈಗಾಗಲೇ ಓಡುತ್ತಿದೆ. ಮೀಥೇನ್ ಇಳಿಸುವುದಕ್ಕೆಂದು ಎಲ್ಲಿಂದಲಾದರೂ ಹಣ ಬಂದರೆ ಅದರ ಮೊದಲ ಪಾಲು ಹೋಗಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲೂ ಹರೂರಿನ, ಪೆನ್ನಾಗರದ ಕೊಟ್ಟಿಗೆಗಳಿಗೆ ತಲುಪುವ ಅಂಥ ವಾಹನಗಳಿಗೆ, ಕೊಟ್ಟಿಗೆಯ ಮೇಲೆ ನೆರಳಿಗೆ ಹಾಕುವ ತೆಂಗಿನ ಗರಿಗೆ, ಮತ್ತು ದಿನಕ್ಕೆ ಒಂದು ಹಿಡಿಯಷ್ಟು ಹಾಕಬೇಕಾದ ಖನಿಜ ಮಿಶ್ರಣಕ್ಕೆ.